ಬೆಳಗ್ಗೆ ಹತ್ತಕ್ಕೆ ಎಲ್ಲರೂ ಒಟ್ಟಿಗೆ ಬಂದರೆ: ಕ್ಲೌಡ್‌ನಿಂದ ಮಾಕ್ ಟೆಸ್ಟ್ ನಡೆಸುವ ಬಗೆ

ಧಾರವಾಡದ ಕೋಚಿಂಗ್ ಸೆಂಟರ್‌ಗಳಿಗೆ ಆನ್‌ಲೈನ್ ಮಾಕ್ ಟೆಸ್ಟ್ ನಡೆಸಿಕೊಡುವುದು ನನ್ನ ಕೆಲಸ. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಲ್ಲವೂ ಕನ್ನಡದಲ್ಲಿ. ಬರೆಯುವವರು ಸಪ್ತಾಪುರದ ಬಾಡಿಗೆ ರೂಮುಗಳಲ್ಲಿ ಇರುತ್ತಾರೆ, ಲಿಂಗಸುಗೂರಿನಲ್ಲಿ ಇರುತ್ತಾರೆ, ಜೊಯಿಡಾದ ಕಾಡಂಚಿನಲ್ಲೂ ಇರುತ್ತಾರೆ. ಇಂಥ ಸೇವೆ ಶುರು ಮಾಡಬೇಕು ಅನ್ನುವ ಹುಡುಗರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಮನೆಮನೆಗೆ ಫೈಬರ್ ಬಂತು, ಫೋನಲ್ಲಿ 5ಜಿ ಇದೆ, ಇನ್ನೇನು ತೊಂದರೆ?"

ತೊಂದರೆ ಇದೆ. ಪೈಪ್ ಎಷ್ಟು ದಪ್ಪ ಅನ್ನುವುದಕ್ಕಿಂತ ಪ್ಯಾಕೆಟ್ (ಡೇಟಾದ ಸಣ್ಣ ಕಟ್ಟು) ಎಷ್ಟು ಸಲ ಹೋಗಿ ಬರಬೇಕು ಅನ್ನುವುದೇ ನಮ್ಮಂಥ ಕೆಲಸದಲ್ಲಿ ಮುಖ್ಯ. ಲೆಕ್ಕ ಹಾಕಿ ನೋಡೋಣ.

ನಮ್ಮ ಒಂದು ಪ್ರಶ್ನೆಪತ್ರಿಕೆಯ ಫೈಲ್ 200 ಕೆಬಿ ಅಂತಿಟ್ಟುಕೊಳ್ಳಿ. 100 ಎಂಬಿಪಿಎಸ್ ಲೈನ್‌ನಲ್ಲಿ ಅದು 16 ಮಿಲಿಸೆಕೆಂಡಿನಲ್ಲಿ ಇಳಿಯಬೇಕು. ಆದರೆ ಇಳಿಯಲ್ಲ. ಮೊದಲು ಟಿಸಿಪಿ ಸಂಪರ್ಕಕ್ಕೆ, ಅಂದರೆ ಫೋನು-ಸರ್ವರ್ ಮಾತು ಶುರುವಾಗಲು, ಒಂದು ಸುತ್ತು (ಒಮ್ಮೆ ಹೋಗಿ ಬರುವುದು), ಆ ಮಾತನ್ನು ಗುಟ್ಟಾಗಿಡುವ ಟಿಎಲ್‌ಎಸ್ 1.3ಕ್ಕೆ ಇನ್ನೊಂದು ಸುತ್ತು. ಆಮೇಲೂ ಸರ್ವರ್ ಎಲ್ಲವನ್ನೂ ಒಮ್ಮೆಲೇ ಸುರಿಯುವುದಿಲ್ಲ. ಸಾಮಾನ್ಯವಾಗಿ ಮೊದಲಿಗೆ 10 ಪ್ಯಾಕೆಟ್, ಅಂದರೆ ಸುಮಾರು 14 ಕೆಬಿ ಕಳಿಸಿ, ತಲುಪಿತು ಅಂತ ಉತ್ತರ ಬಂದ ಮೇಲೆ 28, ಆಮೇಲೆ 56, ಆಮೇಲೆ 112. ಅಲ್ಲಿಗೆ ನಾಲ್ಕು ಸುತ್ತು. ಒಟ್ಟು ಆರು. ಸರ್ವರ್ ಅಮೆರಿಕದ ವರ್ಜೀನಿಯಾದಲ್ಲಿದ್ದು ಒಂದು ಸುತ್ತಿಗೆ 220 ಮಿಲಿಸೆಕೆಂಡ್ ಹಿಡಿದರೆ 1.3 ಸೆಕೆಂಡ್ ಹೋಯಿತು. ಮುಂಬೈಯಲ್ಲಿದ್ದು 25 ಹಿಡಿದರೆ 0.15 ಸೆಕೆಂಡ್. ಪ್ಲಾನನ್ನು 300 ಎಂಬಿಪಿಎಸ್‌ಗೆ ಏರಿಸಿದರೂ ಈ ಲೆಕ್ಕ ಅಲುಗಾಡುವುದಿಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಮಾತ್ರ ಓಡುತ್ತದೆ, ಅದಕ್ಕೆ ಯಾರೂ ರೀಚಾರ್ಜ್ ಮಾಡಿಸಲು ಆಗುವುದಿಲ್ಲ.

ಹಾಗಾಗಿ ಮೊದಲ ಕೆಲಸ, ರೀಜನ್ ಆರಿಸುವುದು, ಅಂದರೆ ಕ್ಲೌಡ್ ಕಂಪನಿಯಿಂದ ಬಾಡಿಗೆಗೆ ಪಡೆಯುವ ಸರ್ವರ್ ಯಾವ ಊರಿನಲ್ಲಿರಬೇಕು ಅನ್ನುವುದು. ಹೊಸ ಅಕೌಂಟ್ ತೆರೆದಾಗ ಎಷ್ಟೋ ಸಲ ಅಮೆರಿಕದ ರೀಜನ್ ತಾನಾಗಿ ಆಯ್ಕೆಯಾಗಿರುತ್ತದೆ, ಅದನ್ನು ಬದಲಿಸಿ. ಅಮೆಜಾನ್ ಮುಂಬೈಯಲ್ಲಿ 2016ರಿಂದ ಇದೆ, ಹೈದರಾಬಾದ್‌ನಲ್ಲಿ 2022ರಿಂದ. ಗೂಗಲ್‌ಗೆ ಮುಂಬೈ, ದೆಹಲಿ ಇವೆ. ಮೈಕ್ರೋಸಾಫ್ಟ್‌ಗೆ ಪುಣೆ, ಚೆನ್ನೈ ಇವೆ. ಕಲಬುರಗಿ, ರಾಯಚೂರಿನವರಿಗೆ ನಕಾಶೆಯಲ್ಲಿ ಹೈದರಾಬಾದ್ ಹತ್ತಿರ, ಆದರೆ ಅವರ ಪ್ಯಾಕೆಟ್ ಎಷ್ಟೋ ಸಲ ಮುಂಬೈ ಅಥವಾ ಚೆನ್ನೈ ಸುತ್ತಿ ಬರುತ್ತದೆ. ನಕಾಶೆ ನಂಬಬೇಡಿ. ಆ ಊರಿನ ಒಬ್ಬರ ಫೋನಿನಿಂದ ಪಿಂಗ್ ಮಾಡಿಸಿ, ಅಂದರೆ ಒಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡಿ, ಆಮೇಲೆ ತೀರ್ಮಾನ ಮಾಡಿ.

ಎರಡನೆಯದು, ಬದಲಾಗದ್ದನ್ನೆಲ್ಲ ಸಿಡಿಎನ್‌ಗೆ, ಅಂದರೆ ಫೈಲ್‌ಗಳ ಪ್ರತಿಯನ್ನು ಊರೂರಲ್ಲಿ ಇಟ್ಟು ಹತ್ತಿರದಿಂದಲೇ ಕೊಡುವ ಸೇವೆಗೆ, ಕೊಡುವುದು. ಲೋಗೋ, ಸ್ಕ್ರಿಪ್ಟ್, ಚಿತ್ರ, ಇವುಗಳಿಗೆ ಸರ್ವರ್‌ವರೆಗೆ ಯಾಕೆ ಬರಬೇಕು? ದೊಡ್ಡ ಸಿಡಿಎನ್‌ಗಳು ಬೆಂಗಳೂರಿನಲ್ಲೇ ಪ್ರತಿ ಇಟ್ಟುಕೊಳ್ಳುತ್ತವೆ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪ್ರಶ್ನೆಪತ್ರಿಕೆಯನ್ನೂ ಅಲ್ಲೇ ಇಡುತ್ತೇನೆ. ಹತ್ತಕ್ಕೆ ಪರೀಕ್ಷೆ ಅಂದರೆ ಒಂಬತ್ತೂವರೆಯಿಂದಲೇ ಎಲ್ಲರ ಫೋನಿಗೂ ಪತ್ರಿಕೆ ಇಳಿಯುತ್ತದೆ, ಆದರೆ ಎನ್‌ಕ್ರಿಪ್ಟ್ ಆಗಿ, ಬೀಗ ಹಾಕಿದಂತೆ. ಹತ್ತಕ್ಕೆ ಸರಿಯಾಗಿ ಸರ್ವರ್ ಕೊಡುವುದು ಬೀಗದ ಕೈ ಮಾತ್ರ, ಅದು 32 ಬೈಟ್. ಸಾವಿರಾರು ಜನ ಒಂದೇ ನಿಮಿಷದಲ್ಲಿ ಬಂದು ಬಿದ್ದರೂ ಸಣ್ಣ ಸರ್ವರ್ ಸುಧಾರಿಸಿಕೊಳ್ಳುತ್ತದೆ. ಇದೊಂದು ಮಾಡಿದರೆ ಅರ್ಧ ತಲೆನೋವು ಕಡಿಮೆ. ಒಟಿಪಿ ಲಾಗಿನ್ ಮಾತ್ರ ಹಿಂದಿನ ದಿನವೇ ಮುಗಿಸಿಸಿ. ಹತ್ತಕ್ಕೆ ಐದು ನಿಮಿಷ ಇರುವಾಗ ಎಸ್‌ಎಂಎಸ್‌ಗೆ ಕಾಯುವ ಪರಿಸ್ಥಿತಿ ಶತ್ರುವಿಗೂ ಬೇಡ.

ಕನ್ನಡಕ್ಕೇ ಅಂತ ಒಂದೆರಡು ಮಾತು ಇದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ನಮ್ಮ ಪ್ರತಿ ಕೋಡ್‌ಪಾಯಿಂಟ್ (ವ್ಯಂಜನ, ಸ್ವರಚಿಹ್ನೆ, ಹಲಂತ ಇಂಥ ಒಂದೊಂದು ತುಣುಕು) 3 ಬೈಟ್ ತಿನ್ನುತ್ತದೆ. 'ಪ್ರಶ್ನೆ' ಅನ್ನುವುದು ಕಣ್ಣಿಗೆ ಎರಡೇ ಅಕ್ಷರ, ಆದರೆ ಒಳಗೆ 7 ಕೋಡ್‌ಪಾಯಿಂಟ್, 21 ಬೈಟ್. ಗಾಬರಿ ಬೇಡ. ಆ ಮೂರರಲ್ಲಿ ಮೊದಲ ಎರಡು ಬೈಟ್ ಪದೇ ಪದೇ ಅವೇ ಬರುವುದರಿಂದ ಬ್ರಾಟ್ಲಿ ಅಥವಾ ಜಿಜಿಪ್ ಅನ್ನುವ ಕುಗ್ಗಿಸುವ ವಿಧಾನ ಹಾಕಿದರೆ ಚೆನ್ನಾಗಿ ಕುಗ್ಗುತ್ತದೆ. ಆದರೆ ಅದು ಆನ್ ಇದೆಯಾ ಅಂತ ನೀವೇ ನೋಡಬೇಕು. ಪ್ರಶ್ನೆಗಳಂಥ ಡೇಟಾ ಕಳಿಸುವ ಜೇಸನ್ ಫೈಲ್‌ಗಳಿಗೆ ಎಷ್ಟೋ ಸಲ ಆನ್ ಇರುವುದೇ ಇಲ್ಲ. ಇನ್ನು ಫಾಂಟ್. ಸುಮ್ನೆ ಚೆಂದ ಕಾಣಲಿ ಅಂತ ಕನ್ನಡ ಫಾಂಟ್ ಕಳಿಸಬೇಡಿ. ಆಂಡ್ರಾಯ್ಡ್‌ನಲ್ಲಿ ನೋಟೋ ಕನ್ನಡ ಮೊದಲೇ ಇರುತ್ತದೆ, ಅದೇ ಸಾಕು.

ಮೂರನೆಯದಕ್ಕೆ ಜಾಸ್ತಿ ಸಮಯ ಕೊಡಿ. ಅದು ಕೊನೆಯ ಹತ್ತು ಮೀಟರ್. ಫೈಬರ್ ಬಂದು ನಿಲ್ಲುವುದು ಹಾಸ್ಟೆಲ್ ವಾರ್ಡನ್ ಕೋಣೆಯ ಡಬ್ಬಿಯಲ್ಲಿ. ಅಲ್ಲಿಂದ ಮೂರು ಗೋಡೆ ದಾಟಿ ವೈಫೈ ಬರಬೇಕು. ಪಕ್ಕದ ರೂಮಿನವನು ಸಿನಿಮಾ ಡೌನ್‌ಲೋಡ್‌ಗೆ ಹಾಕಿದರೆ ರೂಟರ್‌ನ ಬಫರ್ (ಪ್ಯಾಕೆಟ್‌ಗಳು ಸಾಲಿನಲ್ಲಿ ಕಾಯುವ ಜಾಗ) ತುಂಬಿ 20 ಮಿಲಿಸೆಕೆಂಡ್ ಇದ್ದ ಪಿಂಗ್ 300 ದಾಟುತ್ತದೆ. ಸ್ಪೀಡ್ ಟೆಸ್ಟ್‌ನಲ್ಲಿ ಎಂಬಿಪಿಎಸ್ ಚೆನ್ನಾಗಿಯೇ ಕಾಣುತ್ತಿರುತ್ತದೆ ಬೇರೆ. ಆ ಡಬ್ಬಿಯನ್ನು ನೀವು ರಿಪೇರಿ ಮಾಡಲು ಆಗಲ್ಲ, ಅಲ್ವಾ? ಆದ್ದರಿಂದ ನೆಟ್ ಹೋಗುತ್ತದೆ ಅಂತಲೇ ಇಟ್ಟುಕೊಂಡು ಕಟ್ಟಿ. ಒತ್ತಿದ ಉತ್ತರ ಮೊದಲು ಫೋನಿನಲ್ಲೇ, ಬ್ರೌಸರ್‌ನ ಇಂಡೆಕ್ಸ್ಡ್‌ಡಿಬಿ ಅನ್ನುವ ಉಗ್ರಾಣದಲ್ಲಿ ಉಳಿಯಲಿ. ಆಮೇಲೆ ಹಿಂದಿನಿಂದ ಸರ್ವರ್‌ಗೆ ಹೋಗಲಿ. ಪ್ರತಿ ಉತ್ತರಕ್ಕೂ ಒಂದು ಗುರುತಿನ ಸಂಖ್ಯೆ ಇರಲಿ, ಅದೇ ಉತ್ತರ ಮತ್ತೆ ಬಂದರೂ ಸರ್ವರ್ ಎರಡು ಸಲ ಎಣಿಸಬಾರದು. ಗಡಿಯಾರ ಮಾತ್ರ ಸರ್ವರ್‌ನದ್ದೇ ಇರಲಿ, ಫೋನಿನ ಟೈಮನ್ನು ಹಿಂದಕ್ಕೆ ತಿರುಗಿಸುವ ಜಾಣರಿಗೆ ನಮ್ಮಲ್ಲಿ ಬರಗಾಲ ಇಲ್ಲ.

ಸಿಡಿಎನ್‌ನಲ್ಲಿ ಎಚ್‌ಟಿಟಿಪಿ/3 (ಬ್ರೌಸರ್ ಪುಟ ತರಿಸುವ ಹೊಸ ವಿಧಾನ) ಆನ್ ಮಾಡಿ, ಬಹುಪಾಲು ಕಡೆ ಒಂದು ಬಟನ್ ಅಷ್ಟೇ. ಅದರ ಕೆಳಗಿರುವ ಕ್ವಿಕ್ (QUIC) ಅನ್ನುವ ಸಂಪರ್ಕ ವಿಧಾನ, ಟಿಸಿಪಿಯ ಮತ್ತು ಟಿಎಲ್‌ಎಸ್‌ನ ಎರಡು ಸುತ್ತನ್ನು ಒಂದಕ್ಕೆ ಇಳಿಸುತ್ತದೆ. ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಹೋದರೂ ಸಂಪರ್ಕ ಉಳಿಸಿಕೊಳ್ಳುವ ದಾರಿಯೂ ಅದರಲ್ಲಿ ಇದೆ. ಕೆಲವು ಕಾಲೇಜುಗಳ ಫೈರ್‌ವಾಲ್ ಕ್ವಿಕ್ ಬಳಸುವ ಯುಡಿಪಿ ಪ್ಯಾಕೆಟ್‌ಗಳನ್ನು ಬಿಡುವುದಿಲ್ಲ. ಅಲ್ಲಿ ಬ್ರೌಸರ್ ತಾನೇ ಹಳೆಯ ದಾರಿಗೆ ಮರಳುತ್ತದೆ. ಐಪಿವಿ6 (ಹೊಸ ಬಗೆಯ ಇಂಟರ್ನೆಟ್ ವಿಳಾಸ) ಕೂಡ ಆನ್ ಇರಲಿ, ನಮ್ಮ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಅದು ಬಹಳ ಓಡುತ್ತದೆ.

ಭದ್ರತೆ ಅಂತ ಐಪಿ ಅಡ್ರೆಸ್ ಮೇಲೆ ಮಿತಿ ಹಾಕುವವರಿಗೆ ಒಂದು ಎಚ್ಚರಿಕೆ. ನಿಮಿಷಕ್ಕೆ ಇಷ್ಟೇ ವಿನಂತಿ ಅಂತ ಐಪಿಗೆ ಕಟ್ಟಿದರೆ ಇಡೀ ಹಾಸ್ಟೆಲ್ ಹೊರಗೆ ನಿಲ್ಲುತ್ತದೆ. ಹಾಸ್ಟೆಲ್‌ನವರೆಲ್ಲ ಒಂದೇ ಐಪಿಯಿಂದ ಬರುತ್ತಾರೆ. ಮೊಬೈಲ್ ಕಂಪನಿಗಳೂ ಹಳೆಯ ಬಗೆಯ ವಿಳಾಸವಾದ ಐಪಿವಿ4ರಲ್ಲಿ ಒಂದೇ ಐಪಿಯನ್ನು ನೂರಾರು ಜನರಿಗೆ ಹಂಚುತ್ತವೆ. ಮಿತಿಯನ್ನು ಲಾಗಿನ್ ಆದ ಅಭ್ಯರ್ಥಿಗೆ ಕಟ್ಟಿ.

ಅಳೆಯುವುದು ಹೇಗೆ? ನಿಮ್ಮ ಲ್ಯಾಪ್‌ಟಾಪಿನಿಂದ ಅಳೆದದ್ದಕ್ಕೆ ಬೆಲೆ ಇಲ್ಲ. ಪುಟ ತೆರೆಯಲು ಎಷ್ಟು ಹೊತ್ತಾಯಿತು ಅಂತ ಬ್ರೌಸರ್ ತಾನೇ ಕೊಡುವ ನ್ಯಾವಿಗೇಶನ್ ಟೈಮಿಂಗ್ ಅಂಕಿಗಳನ್ನು ಪ್ರತಿ ಅಭ್ಯರ್ಥಿಯ ಫೋನಿನಿಂದ ತರಿಸಿಕೊಳ್ಳಿ. ಬ್ರೌಸರ್‌ನ ಸೆಂಡ್‌ಬೀಕನ್ ಅನ್ನುವ ಸೌಲಭ್ಯ ಇದಕ್ಕೇ ಇರುವುದು. ಸರಾಸರಿ ನೋಡಬೇಡಿ. ನಾನು ನೋಡುವುದು 95ನೇ ಪರ್ಸೆಂಟೈಲ್, ಅಂದರೆ ನೂರರಲ್ಲಿ 95 ಜನರಿಗೆ ಎಷ್ಟು ಹೊತ್ತಿನೊಳಗೆ ಪುಟ ತೆರೆಯಿತು ಅನ್ನುವುದು, ಅದೂ ಜಿಲ್ಲಾವಾರು. ಜಿಲ್ಲೆಯ ಹೆಸರು ನೋಂದಣಿಯಲ್ಲೇ ಇರುತ್ತದೆ, ಲೊಕೇಶನ್ ಕೇಳಿ ಹುಡುಗರನ್ನು ಹೆದರಿಸಬೇಕಿಲ್ಲ. ಸರಾಸರಿಯಲ್ಲಿ ಎಲ್ಲವೂ ಸರಿ ಅಂತ ಕಂಡ ದಿನವೂ ಜೊಯಿಡಾದವರ ಪುಟ ತೆರೆಯಲು ಒದ್ದಾಡುತ್ತಿರುತ್ತದೆ.

ಹೊಸ ಬದಲಾವಣೆ ಏನೇ ಇದ್ದರೂ ಮೊದಲು ನೂರಕ್ಕೆ ಐದು ಜನರಿಗೆ ಬಿಡಿ, ಅಂಕಿ ನೋಡಿ, ಆಮೇಲೆ ಎಲ್ಲರಿಗೂ. ಪರೀಕ್ಷೆಯ ಹಿಂದಿನ ಸಂಜೆ ಏನನ್ನೂ ಮುಟ್ಟಬೇಡಿ.

ಕೊನೆಗೆ ಹನ್ನೆರಡು ಗಂಟೆ. ಸಮಯ ಮುಗಿದಾಗ ಎಲ್ಲರ ಫೋನೂ ಒಂದೇ ಸೆಕೆಂಡಿಗೆ ಉತ್ತರ ಕಳಿಸಲು ಹೊರಡುತ್ತದೆ. ಹತ್ತು ಗಂಟೆಯ ನೂಕುನುಗ್ಗಲು ದಾಟಿದ ಸರ್ವರ್‌ಗಳೂ ಇಲ್ಲಿ ಮಲಗಿಬಿಡುತ್ತವೆ. ಫೋನಿನಲ್ಲಿ ಪ್ರಶ್ನೆಗಳ ಪುಟ ಹನ್ನೆರಡಕ್ಕೆ ಮುಚ್ಚಲಿ, ಆದರೆ ಕಳಿಸುವ ಕೆಲಸ 0ಯಿಂದ 30 ಸೆಕೆಂಡಿನ ಒಳಗೆ ಒಬ್ಬೊಬ್ಬರದು ಒಂದೊಂದು ಹೊತ್ತಿಗೆ ಆಗಲಿ. ವಿಫಲವಾದರೆ ಮರುಪ್ರಯತ್ನ 2 ಸೆಕೆಂಡ್, 4, 8 ಅಂತ ದೂರ ಸರಿಯಲಿ, ಅದರಲ್ಲೂ ಸ್ವಲ್ಪ ಏರುಪೇರು ಇರಲಿ. 'ನಿಮ್ಮ ಉತ್ತರಗಳು ಫೋನಿನಲ್ಲಿ ಭದ್ರವಾಗಿವೆ, ಕಳಿಸುತ್ತಿದ್ದೇವೆ' ಅಂತ ಕನ್ನಡದಲ್ಲಿ ತೋರಿಸಿ. ಬರೀ ಚಕ್ರ ತಿರುಗುತ್ತಿದ್ದರೆ ಹುಡುಗರು ರಿಫ್ರೆಶ್ ಒತ್ತುತ್ತಾರೆ, ಸರ್ವರ್ ಮೇಲಿನ ಭಾರ ಇನ್ನೂ ಏರುತ್ತದೆ. ಪರೀಕ್ಷೆಯ ಹೊತ್ತಿಗೆಂದು ಬಾಡಿಗೆಗೆ ತೆಗೆದುಕೊಂಡ ಹೆಚ್ಚುವರಿ ಸರ್ವರ್‌ಗಳನ್ನು ಹನ್ನೆರಡೂವರೆಗೆ ತಾನಾಗಿ ಇಳಿಯುವಂತೆ ಮೊದಲೇ ಹೊಂದಿಸಿಡಿ. ಊಟಕ್ಕೆ ಹೋಗಿ ಮರೆತರೆ ತಿಂಗಳ ಬಿಲ್ಲಿನಲ್ಲಿ ಗೊತ್ತಾಗುತ್ತದೆ.