ಪೆನ್ಸಿಲ್ ಹಿಡಿದು ಪ್ರೊಮೋಟರ್ ಓದುವುದು ಹೇಗೆ?

ಬ್ಯಾಕ್ಟೀರಿಯಾದ ಜೀನ್ ಎಷ್ಟು ಸುಲಭವಾಗಿ ಆನ್ ಆಗುತ್ತದೆ ಅಂತ ನೋಡಬೇಕಾದರೆ ನಾನು ಮೊದಲು ಸಾಫ್ಟ್‌ವೇರ್ ತೆರೆಯುವುದಿಲ್ಲ. ಡಿಎನ್‌ಎ ಸಾಲನ್ನು ಪ್ರಿಂಟ್ ಹಾಕಿ ಪೆನ್ಸಿಲ್ ಹಿಡಿದು ಕೂರುತ್ತೇನೆ. ಜೀನ್‌ನ ಮುಂದೆ ಇದ್ದು ಅದನ್ನು ಆನ್ ಮಾಡುವ ಡಿಎನ್‌ಎ ತುಂಡೇ ಪ್ರೊಮೋಟರ್. ಕಲಿಯಲು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಲ್ಯಾಕ್ಟೋಸ್ ಬಳಸುವ ಜೀನ್‌ಗಳ ಪ್ರೊಮೋಟರ್, ಅಂದರೆ ಲ್ಯಾಕ್ ಪ್ರೊಮೋಟರ್ ತೆಗೆದುಕೊಳ್ಳಿ.

ಆರ್‌ಎನ್‌ಎ ಶುರುವಾಗುವ ಅಕ್ಷರಕ್ಕೆ +1 ಅಂತ ಬರೆಯಿರಿ. ಅದರ ಹಿಂದಿನದು -1. ನಡುವೆ ಸೊನ್ನೆ ಇಲ್ಲ, ಯಾಕೆ ಹೀಗೆ ಮಾಡಿದರೋ! -7ರಿಂದ -12ರವರೆಗಿನ ಆರು ಅಕ್ಷರಕ್ಕೆ ಚೌಕ ಹಾಕಿ. ಇದೇ ‘-10’ ಜಾಗ. ಹೆಚ್ಚಿನ ಪ್ರೊಮೋಟರ್‌ಗಳನ್ನು ಹೋಲಿಸಿ ತೆಗೆದ ಮಾದರಿ ಟಿ-ಎ-ಟಿ-ಎ-ಎ-ಟಿ. ಲ್ಯಾಕ್‌ನಲ್ಲಿರುವುದು ಟಿ-ಎ-ಟಿ-ಜಿ-ಟಿ-ಟಿ. ಎರಡು ತಪ್ಪು.

ತಪ್ಪು ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದು ಮುಖ್ಯ. ಜೀನ್ ಓದಿ ಆರ್‌ಎನ್‌ಎ ತಯಾರಿಸುವ ಕಿಣ್ವವಾದ ಆರ್‌ಎನ್‌ಎ ಪಾಲಿಮರೇಸ್‌ಗೆ ಈ ಜಾಗ ತೋರಿಸುವುದು ಸಿಗ್ಮಾ 70 ಎಂಬ ಪ್ರೋಟೀನ್. ಡಿಎನ್‌ಎಯ ಎರಡು ಎಳೆಗಳು ಬಿಚ್ಚಿಕೊಳ್ಳುವಾಗ ಸಿಗ್ಮಾ ಎರಡನೇ ಅಕ್ಷರ ಎ ಮತ್ತು ಕೊನೆಯ ಟಿ, ಎರಡನ್ನೂ ಹೊರಕ್ಕೆ ತಿರುಗಿಸಿ ತನ್ನ ಗುಂಡಿಗಳಲ್ಲಿ ಹಿಡಿದುಕೊಳ್ಳುತ್ತದೆ. ಲ್ಯಾಕ್‌ನಲ್ಲಿ ಅವೆರಡೂ ಸರಿಯಾಗಿವೆ. ಕೆಟ್ಟಿರುವುದು ನಡುವಿನವು.

ಈಗ ಇನ್ನೂ ಹಿಂದಕ್ಕೆ ಹೋಗಿ. ‘-35’ ಜಾಗದ ಮಾದರಿ ಟಿ-ಟಿ-ಜಿ-ಎ-ಸಿ-ಎ. ಅದಕ್ಕೂ ಚೌಕ ಹಾಕಿ. ಲ್ಯಾಕ್‌ನಲ್ಲಿ ಮೂರನೆಯದು ಜಿ ಬದಲು ಟಿ, ಅಷ್ಟೇ. ಎರಡು ಚೌಕಗಳ ನಡುವಿನ ಅಂತರ 17 ಅಕ್ಷರ ಇದ್ದರೆ ಸಿಗ್ಮಾಗೆ ಸರಿಯಾಗಿ ಎಟುಕುತ್ತದೆ. ಇಲ್ಲಿ 18. ನಾನೊಮ್ಮೆ ಚೌಕದೊಳಗಿನ ಆರನ್ನೂ ಸೇರಿಸಿ 24 ಅಂತ ಎಣಿಸಿ, ಇಡೀ ಸಂಜೆ ತಲೆ ಕೆಡಿಸಿಕೊಂಡಿದ್ದೆ. ಖಾಲಿ ಜಾಗ ಮಾತ್ರ ಎಣಿಸಿ.

ಅಂದರೆ ಇದು ದುರ್ಬಲ ಪ್ರೊಮೋಟರ್. ಬೇಕಂತಲೇ ಹೀಗಿದೆ ಅನ್ನಿಸುತ್ತದೆ, ಅಲ್ವಾ? ತಾನಾಗಿಯೇ ಜೋರಾಗಿ ಓಡುವ ಜೀನ್‌ಗೆ ಸಹಾಯಕರ ಮಾತು ನಾಟುವುದಿಲ್ಲ. ಗ್ಲೂಕೋಸ್ ಕಡಿಮೆಯಾದಾಗ ಸಿಆರ್‌ಪಿ ಪ್ರೋಟೀನ್ -61ರ ಆಸುಪಾಸಿನಲ್ಲಿ ಕೂತು ಪಾಲಿಮರೇಸನ್ನು ಎಳೆದು ತರುತ್ತದೆ. ಲ್ಯಾಕ್ಟೋಸ್ ಇಲ್ಲದಿದ್ದರೆ ರಿಪ್ರೆಸರ್ ಎಂಬ ತಡೆಯುವ ಪ್ರೋಟೀನ್ +1ರ ಮೇಲೆಯೇ ಕೂತು ಅಡ್ಡಗಟ್ಟುತ್ತದೆ. ಎರಡಕ್ಕೂ ಬೇರೆ ಬಣ್ಣದ ಗೆರೆ ಎಳೆಯಿರಿ.

ನಂಬಿಕೆ ಬರಲಿಲ್ಲವೇ? ಯುವಿ5 ಎಂಬ ಮ್ಯುಟೆಂಟ್, ಅಂದರೆ ಲ್ಯಾಕ್ ಪ್ರೊಮೋಟರಿನದೇ ಬದಲಾದ ರೂಪ ನೋಡಿ. ಅದರಲ್ಲಿ ‘-10’ ಜಾಗದ ಎರಡೂ ತಪ್ಪು ಸರಿಯಾಗಿವೆ. ಅದಕ್ಕೆ ಸಿಆರ್‌ಪಿಯ ಹಂಗು ಹೆಚ್ಚುಕಡಿಮೆ ಇಲ್ಲ.

ಬೇರೆ ಜೀನ್‌ನಲ್ಲಿ ಎಷ್ಟು ಹುಡುಕಿದರೂ ಚೌಕ ಕೂರದೆ, -24 ಮತ್ತು -12ರ ಹತ್ತಿರ ಜಿ-ಜಿ, ಜಿ-ಸಿ ಕಂಡರೆ ನಿಲ್ಲಿಸಿ. ಅದು ಸಿಗ್ಮಾ 54 ಎಂಬ ಇನ್ನೊಂದು ಸಿಗ್ಮಾ ಪ್ರೋಟೀನಿನ ಜಾಗವಿರಬಹುದು. ಅಲ್ಲಿ ಪಾಲಿಮರೇಸ್ ಬಂದು ಕೂತರೂ, ಎಟಿಪಿ ಖರ್ಚು ಮಾಡುವ ಇನ್ನೊಂದು ಪ್ರೋಟೀನ್ ಬರುವ ತನಕ ಎಳೆ ಬಿಚ್ಚುವುದಿಲ್ಲ. ಆ ಪ್ರೋಟೀನ್ ಕೂರುವ ಜಾಗ ಸಾಮಾನ್ಯವಾಗಿ ನೂರಕ್ಕೂ ಜಾಸ್ತಿ ಅಕ್ಷರ ಹಿಂದಿರುತ್ತದೆ. ಇನ್ನೊಂದು ಹಾಳೆ ಪ್ರಿಂಟ್ ಹಾಕಿಕೊಳ್ಳಿ.