ಎರಡನೇ ಸಲ ದುಡ್ಡು ಕೊಡುವ ಮುಂಚೆ ಮಗ್ಗ ಎಣಿಸಿದೆ

ನಮ್ಮದು ಇಳಕಲ್ಲಿನಲ್ಲಿ ಸೀರೆ ಅಂಗಡಿ. ಅಪ್ಪನ ಕಾಲದಿಂದ ಆರು ಮನೆಯವರು ನಮಗಾಗಿ ಕೈಮಗ್ಗದಲ್ಲಿ ನೇಯುತ್ತ ಬಂದಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಬಾಗಿಲು ಹಾಕಿದಾಗ ಆ ಆರೂ ಮನೆಗಳಲ್ಲಿ ನೇಯ್ದ ಸೀರೆ ಮಡಿಸಿಟ್ಟಲ್ಲೇ ಉಳಿದವು. ಕಂಪ್ಯೂಟರ್ ಓದಿದ ನನ್ನ ತಮ್ಮ ಆಗ ಒಂದು ವೆಬ್‌ಸೈಟ್ ಮಾಡಿಕೊಟ್ಟ. ಅಷ್ಟೋ ಇಷ್ಟೋ ಆರ್ಡರ್ ಬಂದವು. ಇನ್ನಷ್ಟು ಬರಬೇಕಾದರೆ ಗೂಗಲ್‌ನಲ್ಲಿ ಮೇಲೆ ಕಾಣಬೇಕು, ಅದಕ್ಕೆ ಎಸ್‌ಇಒ (ಸರ್ಚ್ ಎಂಜಿನ್ ಆಪ್ಟಿಮೈಸೇಶನ್) ಮಾಡಿಸಬೇಕು ಎಂದು ಎಲ್ಲರೂ ಹೇಳುತ್ತಿದ್ದರು.

2021ರಲ್ಲಿ ಎಸ್‌ಇಒ ಮಾಡುವವರಿಂದ ಒಂದು ಫೋನ್ ಬಂತು. ತಿಂಗಳಿಗೆ 12,000 ರೂಪಾಯಿ, 30 ದಿನದಲ್ಲಿ ಮೊದಲ ಪುಟ, ಗ್ಯಾರಂಟಿ. ನಾನು ಏನನ್ನೂ ಕೇಳದೆ ಒಪ್ಪಿಕೊಂಡೆ. ಆರು ತಿಂಗಳಲ್ಲಿ 72,000 ರೂಪಾಯಿ ಹೋಯಿತು.

ಪ್ರತಿ ತಿಂಗಳೂ ಬಣ್ಣದ ಗ್ರಾಫ್ ಇರುವ ರಿಪೋರ್ಟ್ ಬರುತ್ತಿತ್ತು. ಹನ್ನೊಂದು ಕೀವರ್ಡ್‌ಗಳಲ್ಲಿ, ಅಂದರೆ ಹುಡುಕಲು ಟೈಪ್ ಮಾಡುವ ಮಾತುಗಳಲ್ಲಿ, ನಾವು ಮೊದಲ ಸ್ಥಾನದಲ್ಲಿದ್ದೆವು. ಆರ್ಡರ್ ಮಾತ್ರ ಹಿಂದೆ ಎಷ್ಟಿದ್ದವೋ ಅಷ್ಟೇ. ತಮ್ಮ ಒಂದು ರಾತ್ರಿ ಗೂಗಲ್‌ನ ಸರ್ಚ್ ಕನ್ಸೋಲ್ ತೆರೆದು ಕೂತ. ಸೈಟ್ ಇದ್ದವರಿಗೆಲ್ಲ ಇದು ಪುಕ್ಕಟೆ ಸಿಗುತ್ತದೆ: ಜನ ಏನೆಂದು ಟೈಪ್ ಮಾಡಿದಾಗ ನಮ್ಮ ಸೈಟ್ ಕಂಡಿತು, ಎಷ್ಟು ಸಲ ಕಂಡಿತು, ಎಷ್ಟು ಜನ ಒತ್ತಿ ಒಳಗೆ ಬಂದರು ಎಂಬುದೆಲ್ಲ ಅದರಲ್ಲಿದೆ. ರಿಪೋರ್ಟಿನಲ್ಲಿ ಹೊಳೆಯುತ್ತಿದ್ದ ಆ ಹನ್ನೊಂದು ಕೀವರ್ಡ್‌ಗಳನ್ನು ಒಂದೊಂದಾಗಿ ನೋಡಿದೆವು. ಏಳೆಂಟು ಪದಗಳ ಉದ್ದುದ್ದ ಸಾಲುಗಳು ಅವು, ಊರಿನ ಹೆಸರು, ತಾಲೂಕಿನ ಹೆಸರು ಎಲ್ಲ ಸೇರಿಸಿದಂಥವು. ಅವನ್ನು ಹುಡುಕುವವರೇ ಇರಲಿಲ್ಲ. ಯಾರೂ ಓಡದ ಹಾದಿಯಲ್ಲಿ ನಮ್ಮನ್ನು ಮೊದಲು ನಿಲ್ಲಿಸಿ ಹಣ ಪಡೆದಿದ್ದರು. ಪ್ರತಿ ಪುಟಕ್ಕೂ ನೂರಾರು ಮೆಟಾ ಕೀವರ್ಡ್ ಸೇರಿಸಿದ್ದೇವೆ ಎಂದೂ ಅದರಲ್ಲಿ ಬರೆದಿತ್ತು. ಪುಟದ ಕೋಡಿನೊಳಗೆ ಅಡಗಿರುವ ಆ ಟ್ಯಾಗನ್ನು ರ‍್ಯಾಂಕ್ ಕೊಡಲು ತಾನು ನೋಡುವುದೇ ಇಲ್ಲ ಎಂದು ಗೂಗಲ್ 2009ರಲ್ಲೇ ಬಹಿರಂಗವಾಗಿ ಹೇಳಿದೆ.

ಅಷ್ಟಕ್ಕೇ ಮುಗಿದಿದ್ದರೆ ದುಡ್ಡು ಹೋಯಿತು ಎಂದು ಸುಮ್ಮನಾಗುತ್ತಿದ್ದೆ. ಏಳನೇ ತಿಂಗಳು ಅದೇ ಕನ್ಸೋಲಿನಲ್ಲಿ 'ಮ್ಯಾನ್ಯುಯಲ್ ಆ್ಯಕ್ಷನ್' ಎಂಬ ಸೂಚನೆ ಬಂದು ಕೂತಿತ್ತು. ಬೇರೆ ಸೈಟುಗಳಿಂದ ನಮ್ಮ ಸೈಟಿಗೆ ಅಸಹಜ ಲಿಂಕ್‌ಗಳಿವೆ ಎಂದು ಗೂಗಲ್‌ನ ಸಿಬ್ಬಂದಿಯೇ ಪರಿಶೀಲಿಸಿ, ಹುಡುಕಾಟದಲ್ಲಿ ನಮ್ಮನ್ನು ಕೆಳಗೆ ತಳ್ಳುವ ದಂಡ ಹಾಕಿದ್ದರು. ಲಿಂಕ್‌ಗಳ ಪಟ್ಟಿ ಇಳಿಸಿಕೊಂಡು ನೋಡಿದರೆ ಜೂಜಿನ ಸೈಟುಗಳು, ಯಾವ ಭಾಷೆಯೆಂದು ಗೊತ್ತಾಗದ ಸೈಟುಗಳು, ಎಲ್ಲದರಲ್ಲೂ ನಮ್ಮ ಸೀರೆ ಅಂಗಡಿಯ ಹೆಸರು. ರ‍್ಯಾಂಕ್‌ಗಾಗಿ ಲಿಂಕ್ ಕೊಳ್ಳುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಕೊಂಡವರು ಅವರು, ಶಿಕ್ಷೆ ಮಾತ್ರ ಸೈಟಿನ ಯಜಮಾನನಿಗೆ. ಅವರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ನಾವೇ ಆ ಸೈಟುಗಳಿಗೆ ಲಿಂಕ್ ತೆಗೆಯಿರಿ ಎಂದು ಬರೆದೆವು. ಉತ್ತರ ಕೊಡದವರ ಪಟ್ಟಿಯನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದು ಡಿಸವೋ ಎಂಬ ಸಾಧನಕ್ಕೆ ಏರಿಸಿ, ಈ ಲಿಂಕ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲ್‌ಗೆ ತಿಳಿಸಿದೆವು. ಆಮೇಲೆ ನಡೆದದ್ದನ್ನೆಲ್ಲ ಬರೆದು ಮರುಪರಿಶೀಲನೆಗೆ ಕೋರಿದೆವು. ಮೊದಲ ಸಲ ತಿರಸ್ಕರಿಸಿದರು. ಎರಡನೇ ಸಲ ಇನ್ನಷ್ಟು ಲಿಂಕ್ ತೆಗೆಸಿ ಕೇಳಿಕೊಂಡಾಗ ದಂಡ ಎತ್ತಿದರು. ಆ ಮೂರು ತಿಂಗಳು ನೇಕಾರರಿಗೆ ಕೂಲಿ ಕೊಡಲು ನಾನು ಸಾಲ ತಂದಿದ್ದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಒಂದು ಒಳ್ಳೆಯದೂ ಆಯಿತು. ಸರ್ಚ್ ಕನ್ಸೋಲ್ ಓದುವುದು ರೂಢಿಯಾಯಿತು. ಅದು 16 ತಿಂಗಳ ಲೆಕ್ಕ ಇಟ್ಟುಕೊಂಡಿರುತ್ತದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ನಾನು, ನನ್ನ ಹೆಂಡತಿ ಕೂತು ಗಿರಾಕಿಗಳು ಹುಡುಕಿದ ಮಾತುಗಳನ್ನು ಓದುತ್ತಿದ್ದೆವು. ಒಂದು ದಿನ ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟಳು: ಇರಕಲ್ ಸಾಡಿ. "ಇದು ನಮ್ಮ ಸೀರೀನ ಅಲ್ಲೇನ್ರಿ? ಸೊಲ್ಲಾಪುರದಾಗ ನಮ್ಮ ಮೌಶಿ ಹಿಂಗ ಅಂತಾಳ" ಎಂದಳು. ಹೌದು, ಮರಾಠಿಯವರ ಬಾಯಲ್ಲಿ ಇಳಕಲ್ ಎಂಬುದು ಇರಕಲ್. ಮಹಾರಾಷ್ಟ್ರದಲ್ಲಿ ಈ ಸೀರೆ ಉಡುವವರು ಬಹಳ, ಅಪ್ಪನ ಹಳೆಯ ಖಾತೆ ಪುಸ್ತಕದಲ್ಲಿ ಅರ್ಧ ಹೆಸರು ಅಲ್ಲಿಯವೇ. ನಮ್ಮ ಸೈಟಿನ ಒಂದು ಪುಟದಲ್ಲೂ ಆ ಪದ ಇರಲಿಲ್ಲ. ತಿಂಗಳಿಗೆ ಹನ್ನೆರಡು ಸಾವಿರ ಪಡೆದವರಿಗೆ ಅದು ಗೊತ್ತಾಗುವ ದಾರಿಯೂ ಇರಲಿಲ್ಲ, ಅವರು ನಮ್ಮನ್ನು ಗಿರಾಕಿ ಯಾರು ಎಂದು ಒಮ್ಮೆಯೂ ಕೇಳಿರಲಿಲ್ಲ.

ಮತ್ತೆ ಮತ್ತೆ ಕಂಡ ಇನ್ನೊಂದು ಪ್ರಶ್ನೆ, ಅಸಲಿ ಇಳಕಲ್ ಸೀರೆ ಗುರುತಿಸುವುದು ಹೇಗೆ ಎಂಬುದು. ಇದಕ್ಕೆ ಉತ್ತರ ಬರೆಯಲು ತಜ್ಞ ಬೇಕಿರಲಿಲ್ಲ, ನಮ್ಮ ನೇಕಾರಜ್ಜ ಬೇಕಿದ್ದ. ಮೈಯ ಹಾಸು (ಮಗ್ಗಕ್ಕೆ ಏರಿಸುವ ಉದ್ದೆಳೆಗಳು), ಸೆರಗಿನ ಹಾಸು ಬೇರೆ ಬೇರೆ; ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಸೆರಗು ಶುರುವಾಗುವಲ್ಲಿ ಸೀರೆ ತಿರುವಿ ನೋಡಿದರೆ ಆ ಕೂಡು ಕಾಣುತ್ತದೆ. ಅಜ್ಜ ಕೂಡಿಸುವುದನ್ನು ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದು, ಅವರು ಹೇಳಿದಂತೆಯೇ ಬರೆದು ಹಾಕಿದೆ. ಗೋಮಿ, ಚಿಕ್ಕಿ ಪರಾಸ, ಗಾಡಿ ದಡಿಗಳಿಗೆ ಒಂದೊಂದು ಪುಟ, ಒಂಬತ್ತು ಗಜದ ಸೀರೆಗೆ ಒಂದು, ಗುಳೇದಗುಡ್ಡ ಖಣದ ಕುಪ್ಪಸ ಯಾವ ಸೀರೆಗೆ ಒಪ್ಪುತ್ತದೆ ಎಂಬುದಕ್ಕೆ ಒಂದು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆ. ಫಲ ಕಂಡದ್ದು ಐದು ತಿಂಗಳ ಮೇಲೆ. ತಜ್ಞರನ್ನು ಇಟ್ಟುಕೊಂಡರೂ ಫಲಕ್ಕೆ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂದು ಗೂಗಲ್ಲೇ ಹೇಳುತ್ತದೆ, ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದೂ ಹೇಳುತ್ತದೆ. ಆ ಫೋನ್ ಬಂದ ದಿನ ಇದು ಗೊತ್ತಿರಬೇಕಿತ್ತು.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಸಮಯ, ಫೋಟೋ, ಫೋನ್ ನಂಬರ್ ಸರಿಪಡಿಸಿದ್ದು ಅರ್ಧ ದಿನದ ಕೆಲಸ. ಕೂಡಲಸಂಗಮ, ಐಹೊಳೆ ನೋಡಲು ಬಂದವರು ಈಗ ಅದನ್ನು ನೋಡಿಕೊಂಡೇ ಅಂಗಡಿಗೆ ಬರುತ್ತಾರೆ.

ಹೀಗಿರುವಾಗ 2023ರಲ್ಲಿ ಮತ್ತೆ ತಜ್ಞರ ಮಾತು ಬಂತು, ಈ ಸಲ ನನ್ನ ಕಡೆಯಿಂದಲೇ. ಹಳೆಯ ಸೈಟ್ ಮೊಬೈಲಿನಲ್ಲಿ ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯುತ್ತಿತ್ತು. ಬೇರೆ ವ್ಯವಸ್ಥೆಗೆ ಬದಲಾಯಿಸಬೇಕಿತ್ತು, ಎಲ್ಲ ಪುಟಗಳ ವಿಳಾಸವೂ ಬದಲಾಗುತ್ತಿತ್ತು. ಅದಲ್ಲದೆ ನಮ್ಮ ವ್ಯಾಪಾರಕ್ಕೇ ಅಂಟಿದ ಒಂದು ತೊಂದರೆ ಇತ್ತು. ಕೈಮಗ್ಗದ ಒಂದೊಂದು ಸೀರೆಯೂ ಒಂದೇ. ಮಾರಿದ ಕೂಡಲೇ ಅದರ ಪುಟ ತೆಗೆದುಹಾಕುತ್ತಿದ್ದೆವು. ಯಾರೋ ಮೆಚ್ಚಿ ಹಂಚಿಕೊಂಡ ಪುಟ, ಗೂಗಲ್‌ನಲ್ಲಿ ಮೇಲೇರುತ್ತಿದ್ದ ಪುಟ, ಸೀರೆ ಮಾರಿದ ದಿನವೇ ಸತ್ತುಹೋಗುತ್ತಿತ್ತು. ಇದು ನನಗಾಗಲಿ ತಮ್ಮನಿಗಾಗಲಿ ಬಗೆಹರಿಯಲಿಲ್ಲ.

ಈ ಸಲ ಮೊದಲು ಲೆಕ್ಕ ಹಾಕಿದೆ. ತಿಂಗಳಿಗೆ 12,000 ಕೊಟ್ಟರೆ, ಒಂದು ಸೀರೆಗೆ ನಮಗೆ ಉಳಿಯುವುದು 600 ರೂಪಾಯಿಯಾದರೆ, ಕೊಟ್ಟದ್ದು ಮರಳಲಿಕ್ಕೇ ತಿಂಗಳಿಗೆ 20 ಸೀರೆ ಹೆಚ್ಚು ಮಾರಬೇಕು. ಸೈಟಿಗೆ ಬಂದ ನೂರು ಜನರಲ್ಲಿ ಒಬ್ಬರು ಕೊಳ್ಳುತ್ತಾರೆ ಎಂಬುದು ನಮ್ಮ ಅನುಭವ, ಅಂದರೆ ಎರಡು ಸಾವಿರ ಜನ ಹೆಚ್ಚು ಬರಬೇಕು. ಬಂದರು ಎಂದೇ ಇಟ್ಟುಕೊಳ್ಳಿ. ಸೀರೆ ಎಲ್ಲಿಂದ ತರಲಿ? ಆರು ಮಗ್ಗ, ಒಂದು ಸೀರೆಗೆ ಆರು ದಿನ. ತಿಂಗಳಿಗೆ ಮೂವತ್ತು ದಾಟುವುದಿಲ್ಲ, ಹಬ್ಬ, ಮದುವೆ, ಜ್ವರ ಕಳೆದರೆ ಇಪ್ಪತ್ತೈದು. ಮಾತಾಡಿಸಿದವರಲ್ಲಿ ಒಬ್ಬರು, ಪವರ್‌ಲೂಮ್ ಸೀರೆಯನ್ನೂ ಅದೇ ಹೆಸರಲ್ಲಿ ಹಾಕಿ, ಸ್ಟಾಕ್ ಸಾಲದು ಎಂಬ ಮಾತೇ ಬರುವುದಿಲ್ಲ ಎಂದರು. ಅಸಲಿಯನ್ನು ಗುರುತಿಸುವುದು ಹೇಗೆಂದು ನಾನೇ ಬರೆದು ಹಾಕಿದ ಸೈಟ್ ಅದು. ಅಜ್ಜನ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ? ಅವರನ್ನು ಅಲ್ಲಿಗೇ ಬಿಟ್ಟೆ.

ಹಾಗಾಗಿ ನನಗೆ ಬೇಕಾದದ್ದು ಹೆಚ್ಚು ಜನ ಅಲ್ಲ, ತಿಂಗಳ ಸಂಬಳದ ತಜ್ಞರೂ ಅಲ್ಲ. ಇರುವುದು ಕೈತಪ್ಪದಂತೆ ಸೈಟ್ ಬದಲಾಯಿಸಿಕೊಡುವವರು ಬೇಕಿತ್ತು. ಹುಬ್ಬಳ್ಳಿಯಲ್ಲಿ ಒಬ್ಬರೇ ಕೆಲಸ ಮಾಡುವ ಹೆಣ್ಣುಮಗಳೊಬ್ಬರು ಪರಿಚಯದವರ ಮೂಲಕ ಸಿಕ್ಕರು. ದರ ಹೇಳುವ ಮುಂಚೆ ಅವರು ಅರ್ಧ ತಾಸು ಪ್ರಶ್ನೆ ಕೇಳಿದರು. ಗಿರಾಕಿ ಯಾವ ಊರಿನವರು, ಫೋನ್ ಮಾಡಿ ಕೊಳ್ಳುತ್ತಾರೋ ಸೈಟಿನಲ್ಲೇ ಕೊಳ್ಳುತ್ತಾರೋ, ಯಾವ ತಿಂಗಳು ವ್ಯಾಪಾರ ಹೆಚ್ಚು, ಹಿಂದೆ ಯಾರಾದರೂ ಎಸ್‌ಇಒ ಮಾಡಿದ್ದರೋ. ಹಿಂದಿನ ಕಥೆ ಹೇಳಿದೆ. "ಪಾಸ್‌ವರ್ಡ್ ಕೊಡಬ್ಯಾಡ್ರಿ ಅಣ್ಣಾರ. ಸರ್ಚ್ ಕನ್ಸೋಲ್‌ನಾಗ ಬರೇ ನೋಡಾಕ ಬರೂ ಹಂಗ ಪರವಾನಗಿ ಕೊಡ್ರಿ, ಅಷ್ಟು ಸಾಕು" ಎಂದರು. ನಿಮ್ಮ ಕೆಲಸದಿಂದ ಎಷ್ಟು ಆರ್ಡರ್ ಹೆಚ್ಚಾಗುತ್ತದೆ ಎಂದು ಕೇಳಿದೆ. "ಅದನ್ನ ನಾ ಹೇಳಾಕ ಆಗೂದಿಲ್ರಿ. ಸೈಟ್ ಬದಲಿ ಮಾಡೂವಾಗ ಏನೇನು ಕಳಕೋತೀರಿ ಅನ್ನೂದನ್ನ ಹೇಳಬಲ್ಲೆ" ಎಂದರು. ಆ ಉತ್ತರ ಕೇಳಿಯೇ ನಾನು ಒಪ್ಪಿದ್ದು.

ಒಟ್ಟು ಕೆಲಸಕ್ಕೆ 25,000 ಎಂದು ಮಾತಾಯಿತು. ಏನೇನು ಮಾಡುವುದು ಎಂದು ಮೊದಲೇ ಬರೆದುಕೊಟ್ಟರು. ಹಳೆಯ ಪ್ರತಿ ವಿಳಾಸಕ್ಕೂ ಹೊಸ ವಿಳಾಸ ಯಾವುದು ಎಂಬ ಪಟ್ಟಿ ಮಾಡಿ, ಹಳೆಯದಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ, 301 ಎನ್ನುವ ಶಾಶ್ವತ ತಿರುವು ಹಾಕಿದರು. ಅದನ್ನು ಕಡಿಮೆಯೆಂದರೂ ಒಂದು ವರ್ಷ ತೆಗೆಯಬಾರದು ಎಂದು ಎಚ್ಚರಿಸಿದರು. ಮಾರಿದ ಸೀರೆಯ ಪುಟ ಅಳಿಸುವುದನ್ನು ನಿಲ್ಲಿಸಿದರು. ಪುಟ ಇರುತ್ತದೆ, 'ಮಾರಾಟವಾಗಿದೆ, ಇಂಥದ್ದೇ ನೇಯಿಸಿಕೊಡುತ್ತೇವೆ' ಎಂಬ ಸಾಲು ಇರುತ್ತದೆ, ಕೆಳಗೆ ಅದೇ ದಡಿಯ ಬೇರೆ ಸೀರೆಗಳು. ಹೊಸ ಸೈಟ್ ಬಿಟ್ಟ ದಿನ ಅವರು ಮೊದಲು ನೋಡಿದ್ದು, ಅದನ್ನು ಕಟ್ಟಲು ಬಳಸಿದ್ದ ತಂತ್ರಾಂಶ ವರ್ಡ್‌ಪ್ರೆಸ್‌ನ ಒಂದು ಚಿಕ್ಕ ಗುರುತನ್ನು. ಹುಡುಕುಯಂತ್ರಗಳು ಈ ಸೈಟನ್ನು ಸೇರಿಸಿಕೊಳ್ಳುವುದು ಬೇಡ ಎನ್ನುವ ಟಿಕ್ ಅದು. ಸೈಟ್ ಕಟ್ಟುವಾಗ ತಮ್ಮ ಹಾಕಿದ್ದ, ತೆಗೆದಿರಲಿಲ್ಲ. ಹಾಗೇ ಬಿಟ್ಟಿದ್ದರೆ ನಾವು ಗೂಗಲ್‌ನಿಂದ ಒಂದೊಂದೇ ಪುಟವಾಗಿ ಮಾಯವಾಗುತ್ತಿದ್ದೆವು. ಆ ಒಂದು ಟಿಕ್ ತೆಗೆದದ್ದಕ್ಕೇ 25,000 ಸಂದಿತು ಎಂದು ನಾನು ಅವರಿಗೆ ಹೇಳಿದೆ.

ಮೂರು ವಾರದ ಕೆಲಸ, ಆಮೇಲೆ ಎರಡು ತಿಂಗಳು ನಿಗಾ. ಮೊದಲ ವಾರಗಳಲ್ಲಿ ಕ್ಲಿಕ್ ಸ್ವಲ್ಪ ಇಳಿದವು, ಆಮೇಲೆ ಮೊದಲಿನ ಮಟ್ಟಕ್ಕೆ ಬಂದವು. ತಿಂಗಳ ಲೆಕ್ಕದಲ್ಲಿ ಮುಂದುವರಿಯೋಣವೇ ಎಂದು ಕೊನೆಗೆ ನಾನೇ ಕೇಳಿದೆ. "ಬ್ಯಾಡ್ರಿ. ಬರಿಯೂದು ನೀವ ಚಲೋ ಬರೀತೀರಿ. ವರ್ಷಕ್ಕ ಎರಡು ಸಲ ಕರೀರಿ, ನೋಡಿ ಹೇಳತೀನಿ" ಎಂದರು. ಈಗ ಯುಗಾದಿ ಮುಂಚೆ ಒಮ್ಮೆ, ದಸರಾ ಮುಂಚೆ ಒಮ್ಮೆ ಕರೆಯುತ್ತೇನೆ, ಆ ದಿನದ ದುಡ್ಡು ಆ ದಿನವೇ ಕೊಡುತ್ತೇನೆ.

ಹೋದ ತಿಂಗಳು ಪುಣೆಯಿಂದ ಒಬ್ಬ ತಾಯಿ ಫೋನ್ ಮಾಡಿದ್ದರು. ಇರಕಲ್ ಎಂದು ಹುಡುಕಿದಾಗ ಗೋಮಿ ದಡಿಯ ಕಪ್ಪು ಸೀರೆಯ ಪುಟ ಸಿಕ್ಕಿತಂತೆ. ಅದು ಎರಡು ವರ್ಷದ ಹಿಂದೆಯೇ ಮಾರಾಟವಾದ ಸೀರೆ. ಅವರ ಅತ್ತೆ ಉಡುತ್ತಿದ್ದುದು ಅಂಥದ್ದೇ ಅಂತೆ, ಒಂಬತ್ತು ಗಜದ್ದು ನೇಯಿಸಿಕೊಡುತ್ತೀರಾ ಎಂದು ಕೇಳಿದರು. ಅಜ್ಜ ಸೋಮವಾರ ಹಾಸು ಏರಿಸಿದ್ದಾರೆ.