ಕೊರಿಯನ್ನಲ್ಲಿ ಹೆಸರು ಕೇಳೋದು, ಪರಿಚಯ ಹೇಳ್ಕೊಳ್ಳೋದು: ನಾನು ಕಲ್ತಿದ್ದು ಹೀಗೆ

ಯಜಮಾನ್ರ ಕೆಲ್ಸದಿಂದಾಗಿ ನಾವು ಕೊರಿಯಾದ ಸುವೊನ್‌ನಲ್ಲಿದೀವಿ. ಹೊಸದಾಗಿ ಬರೋ ನಮ್ಮ ಕಡೆಯವ್ರು ಭಾಷೆ ಎಲ್ಲಿಂದ ಶುರು ಮಾಡ್ಲಿ ಅಂದ್ರೆ ನಾನು ಹೇಳೋದು ಒಂದೇ, ಹೆಸರು ಕೇಳೋದು ಹೇಳೋದು ಮೊದ್ಲು ಬಾಯಿಗೆ ಬರ್ಲಿ, ಮಿಕ್ಕಿದ್ದು ಆಮೇಲೆ. ಲಿಪಿಗೆ ಹೆದರೋದು ಬೇಡ, ಕಾಗುಣಿತ ತಿದ್ದಿದ ಕೈಗೆ ಹಂಗುಲ್ ಬೇಗ ಕೂರುತ್ತೆ.

ಆಪ್‌ಗಳೆಲ್ಲ ಮೊದ್ಲು ಕಲಿಸೋದು "ಇರುಮಿ ಮ್ವೊಯೆಯೊ?", ಹೆಸರೇನು ಅಂತ. ತಪ್ಪೇನಿಲ್ಲ, ಕೊನೇಲಿ ಆ "ಯೊ" ಇದ್ಯಲ್ಲ ಅದ್ರಲ್ಲೇ ಮರ್ಯಾದೆ ಇದೆ, ಓರಗೆಯವ್ರನ್ನ ಕೇಳ್ಬೋದು. ಆದ್ರೆ ನಮ್ಮತ್ತೆ ವಯಸ್ಸಿನವ್ರನ್ನೋ, ಆಫೀಸ್ ಕೌಂಟರಲ್ಲಿ ಕೂತವ್ರನ್ನೋ ಹಾಗೆ ಕೇಳಿದ್ರೆ ಸರಿ ಹೋಗಲ್ಲ. ಅಲ್ಲಿ "ಸೊಂಗ್‌ಹಾಮಿ ಒತ್ತೊಖೆ ದ್ವೆಸೆಯೊ?" ಅನ್ಬೇಕು. ಇದನ್ನ ನಾನು ಪುಸ್ತಕದಲ್ಲಿ ಓದಿ ಕಲ್ತಿದ್ದಲ್ಲ, ಮಗನಿಗೆ ಜ್ವರ ಬಂದಾಗೆಲ್ಲ ಮಕ್ಕಳ ಕ್ಲಿನಿಕ್ಕಲ್ಲಿ ಟೋಕನ್ ಹಿಡ್ಕೊಂಡು ಕೂತು ರಿಸೆಪ್ಷನ್ ಹುಡುಗಿ ಬಂದವ್ರನ್ನೆಲ್ಲ ಹೀಗೇ ಕೇಳೋದನ್ನ ಕೇಳಿ ಕೇಳಿ ಬಂದಿದ್ದು. ಅದ್ರ ಲಾಭ ಏನಂದ್ರೆ ಆ "ಒತ್ತೊಖೆ ದ್ವೆಸೆಯೊ" ಹಾಗೇ ಇಟ್ಕೊಂಡು ಅದಕ್ಕೆ ಮೊದ್ಲು ಫೋನ್ ನಂಬರ್ ಹಾಕಿ, ಅಡ್ರೆಸ್ ಹಾಕಿ, ಹಿರಿಯರ ವಯಸ್ಸಿಗೆ "ಯೊನ್ಸೆ" ಹಾಕಿ, ಎಲ್ಲದಕ್ಕೂ ನಡೆಯುತ್ತೆ. ಫೋನಲ್ಲಾದ್ರೆ ಮುಂಚೆ "ಶಿಲ್ಲೆಜಿಮಾನ್" ಸೇರಿಸ್ತೀನಿ, ಕ್ಷಮಿಸಿ ಕೇಳ್ತಿದೀನಿ ಅನ್ನೋ ಥರ. ಒಂದು ಎಚ್ಚರ, ಸೊಂಗ್‌ಹಾಮ್ ಬೇರೆಯವ್ರ ಹೆಸರಿಗೆ ಮಾತ್ರ. ನಮ್ಮ ಹೆಸರಿಗೆ ಬರೀ ಇರುಮ್. ಹಾಗೇ ಮರ್ಯಾದೆಗೆ ಹೆಸರಿನ ಕೊನೆಗೆ ಸೇರಿಸೋ "ಸ್ಸಿ", "ನಿಮ್" ಇವನ್ನ ನಮ್ಮ ಹೆಸರಿಗೆ ನಾವೇ ಅಂಟಿಸ್ಕೊಳ್ಳಂಗಿಲ್ಲ, ನಮ್ಮಲ್ಲಿ ಯಾರಾದ್ರೂ ತಮ್ಮನ್ನ ತಾವೇ "ಶಾಮರಾಯರು" ಅಂದ್ಕೊಂಡ್ರೆ ಹೇಗಿರುತ್ತೆ.

ಪರಿಚಯ ಹೇಳ್ಕೊಳ್ಳೋದು ಕನ್ನಡದವ್ರಿಗೆ ನಿಜವಾಗ್ಲೂ ಸುಲಭ. "ಚೊನುನ್ ಸುಮಾ-ರಾಗೊ ಹಮ್ನಿದಾ", ಅಂದ್ರೆ ನನ್ನನ್ನ ಸುಮಾ ಅಂತಾರೆ. ಆ "ರಾಗೊ" ನಮ್ಮ "ಅಂತ" ಇದ್ದಂಗೇ, ಅದೇ ಜಾಗದಲ್ಲೇ ಬಂದು ಕೂರುತ್ತೆ, ಇಂಗ್ಲಿಷಲ್ಲಿ ಯೋಚ್ನೆ ಮಾಡೋರು ಇಲ್ಲಿ ಒದ್ದಾಡ್ತಾರೆ ನಾವಲ್ಲ. ಹೆಸರು ವ್ಯಂಜನದಲ್ಲಿ ಮುಗಿದ್ರೆ ಮಾತ್ರ ಒಂದು "ಇ" ಸೇರುತ್ತೆ, ಕಿರಣ್-ಇರಾಗೊ. "ನಾನು" ಅನ್ನೋಕೆ "ನಾ" ಅಂತ ಇನ್ನೊಂದಿದೆ, ನಮ್ಮದರ ಥರಾನೇ ಕೇಳಿಸುತ್ತೆ, ಹೊಸಬರ ಮುಂದೆ ಅದು ಬೇಡ, ವಿನಯದ "ಚೊ" ಸಾಕು. ನನ್ನ ಪೂರ್ತಿ ಸರಣಿ ಇಷ್ಟೇ: ಮೊದ್ಲು ಸ್ವಲ್ಪ ತಲೆ ಬಗ್ಗಿಸಿ "ಛೊಉಮ್ ಬ್ವೆಪ್ಕೆಸ್ಸುಮ್ನಿದಾ", ಮೊದಲ ಸಲ ನಿಮ್ಮನ್ನ ಭೇಟಿ ಆಗ್ತಿದೀನಿ ಅಂತ, ಆಮೇಲೆ ಹೆಸರು, ಆಮೇಲೆ "ಇಂದೊಎಸೊ ವಸ್ಸುಮ್ನಿದಾ" ಅಂತ ಇಂಡಿಯಾದಿಂದ ಬಂದಿದ್ದು, ಕೊನೆಗೆ "ಚಲ್ ಬುತಾಕ್‌ದುರಿಮ್ನಿದಾ". ಈ ಕೊನೇದು ಬಿಡ್ಲೇಬೇಡಿ, ನೋಡ್ಕೊಳ್ಳಿ, ನಿಮ್ಮ ಸಹಕಾರ ಇರ್ಲಿ ಅನ್ನೋ ಅರ್ಥದ್ದು, ಅದು ಬಂದ ತಕ್ಷಣ ಎದುರಿನವ್ರ ಮುಖ ಸಡಿಲ ಆಗೋದು ಕಾಣುತ್ತೆ.

ಹೆಸರು ಹೇಳಿದ್ಮೇಲೆ ಅವ್ರ ಬಾಯಲ್ಲಿ ಅದು ಏನಾಗುತ್ತೆ ಅನ್ನೋದೇ ಬೇರೆ ಕಥೆ. ಅವ್ರಿಗೆ ಇಂಗ್ಲಿಷಿನ v ಥರದ "ವ" ಇಲ್ಲ, ವಿನೋದ್ ಹೋಗಿ ಬಿನೋದು ಆಗ್ತಾರೆ. ಅಲ್ಲಿ ಮನೆತನದ ಹೆಸರು ಮೊದ್ಲು, ಸಾಮಾನ್ಯವಾಗಿ ಒಂದೇ ಅಕ್ಷರ, ಐದರಲ್ಲಿ ಒಬ್ರು ಕಿಮ್ ಅನ್ನೋ ದೇಶ ಅದು. ನಮ್ಮ ಪಾಸ್‌ಪೋರ್ಟಲ್ಲಿ ಇನಿಶಿಯಲ್ ಬಿಡಿಸಿ ಸರ್‌ನೇಮ್ ಜಾಗಕ್ಕೆ ಅಪ್ಪನ ಹೆಸರೋ ಊರ ಹೆಸರೋ ಹಾಕಿರ್ತೀವಲ್ಲ, ಅದೇ ಇಲ್ಲಿ ವಿದೇಶಿಯರಿಗೆ ಕೊಡೋ ಗುರುತಿನ ಕಾರ್ಡಿಗೂ ಬರುತ್ತೆ, ಕ್ಲಿನಿಕ್ಕಲ್ಲಿ ನರ್ಸ್ ನಮ್ಮಪ್ಪನ್ನ ಜೋರಾಗಿ ಕರೆದಾಗ ನಾನು ಎದ್ದು ಹೋಗ್ತೀನಿ!

ಅಷ್ಟೆಲ್ಲ ಕಷ್ಟಪಟ್ಟು ಹೆಸರು ಕೇಳಿದ್ಮೇಲೆ ಆ ಹೆಸರಿಡಿದು ಕರೆಯೋದು ಕಮ್ಮಿ ಅನ್ನೋದು ನಿಧಾನವಾಗಿ ಗೊತ್ತಾಗೋದು. ಯಜಮಾನ್ರ ಆಫೀಸಲ್ಲಿ ಹುದ್ದೆಗೆ ನಿಮ್ ಸೇರಿಸಿ ತಿಮ್‌ಜಾಂಗ್‌ನಿಮ್ (ಟೀಮ್ ಲೀಡರ್), ಪುಜಾಂಗ್‌ನಿಮ್ (ವಿಭಾಗದ ಮುಖ್ಯಸ್ಥರು) ಅಂತ ಕರೀತಾರೆ. ಅಂಗಡಿಯವ್ರನ್ನ ಸಾಜಾಂಗ್‌ನಿಮ್, ಅಂದ್ರೆ ಮಾಲೀಕರೇ ಅಂತ. ನನ್ನ ಮಗನ ಒರಿನಿಜಿಪ್ ಅಂದ್ರೆ ಶಿಶುವಿಹಾರದಲ್ಲಿ ಟೀಚರ್‌ಗೆ ನಾನು ಇಂಥವ್ನ "ಒಮೊನಿಮ್", ಅವ್ನ ತಾಯಿಯವ್ರು, ನನ್ನ ಸ್ವಂತ ಹೆಸರು ಅಲ್ಲಿ ಯಾರಿಗೂ ಬೇಕಿಲ್ಲ. ಅದಕ್ಕೆ ಈಗ ನಾನು ಹೆಸರಿಗಿಂತ ಮೊದ್ಲು "ಒತ್ತೊಖೆ ಪುಲ್ಲೊ ತುರಿಲ್ಕಾಯೊ?", ನಿಮ್ಮನ್ನ ಏನಂತ ಕರೀಲಿ ಅಂತ ಕೇಳ್ಬಿಡ್ತೀನಿ. ಕೊರಿಯನ್ ಕ್ಲಾಸಿನ ಓರಗೆಯವ್ರಿಗೆ ಮಾತ್ರ ಹೆಸರಿನ ಕೊನೆಗೆ ಸ್ಸಿ, ಬರೀ "ಕಿಮ್ ಸ್ಸಿ" ಅಂತ ಮನೆತನಕ್ಕೆ ಅಂಟಿಸಿದ್ರೆ ಒರಟಾಗುತ್ತೆ.

ಇನ್ನು ವಯಸ್ಸು ಕೇಳ್ತಾರೆ, ಬೇಜಾರ್ ಮಾಡ್ಕೋಬೇಡಿ, ಯಾರು ಯಾರಿಗೆ ಹೇಗೆ ಮಾತಾಡ್ಬೇಕು ಅಂತ ಗೊತ್ತಾಗೋಕೆ ಅದು. 2023ರ ಜೂನ್‌ನಿಂದ ಕಾನೂನಿನ ಲೆಕ್ಕದಲ್ಲಿ ನಮ್ಮಂಗೇ ಹುಟ್ಟುಹಬ್ಬ ಎಣಿಸೋ ವಯಸ್ಸೇ, ಆದ್ರೂ ಬಾಯಿಮಾತಲ್ಲಿ ಹಳೇ ಲೆಕ್ಕ, ಅಂದ್ರೆ ಹುಟ್ಟಿದಾಗಲೇ ಒಂದು ಆಮೇಲೆ ಪ್ರತಿ ಹೊಸ ವರ್ಷಕ್ಕೆ ಒಂದು ಅಂತ ಎಣಿಸೋದು, ಹೇಳೋರು ಇದಾರೆ, ಅದಕ್ಕೆ ನಾನು ಹುಟ್ಟಿದ ಇಸವಿ ಹೇಳ್ಬಿಡ್ತೀನಿ. ಪಾರ್ಕಲ್ಲಿ ಸಿಗೋ ನನಗಿಂತ ದೊಡ್ಡೋರೊಬ್ರು ಇಸವಿ ಕೇಳಿದ್ಮೇಲೆ "ಮಲ್ ನ್ವಾದೊ ದ್ವೆಯೊ?" ಅಂದ್ರು, ಇನ್ಮೇಲೆ ಏಕವಚನದಲ್ಲಿ ಮಾತಾಡ್ಲಾ ಅಂತ. "ನೆ, ಫ್ಯೊನ್‌ಹಾಗೆ ಹಾಸೆಯೊ", ಆರಾಮಾಗಿ ಮಾತಾಡಿ ಅಂದೆ. ಅವ್ರು ಅವತ್ತಿಂದ "ಯೊ" ಬಿಟ್ರು, ನಾನು ಬಿಟ್ಟಿಲ್ಲ.